ಸೈಕಲ್ಲಿನ ಬೆಲೆ ಮತ್ತು ಸವಾರಿಯ ಬೆಲೆ

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದ ಹೊಸತರಲ್ಲಿ ಯಾವ ವಸ್ತುವಿನ ಬೆಲೆ ಕಂಡರೂ ಮನಸ್ಸು ಅದನ್ನು ರೂಪಾಯಿಗೆ ಗುಣಿಸುತ್ತಿತ್ತು. ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ ಎಂಟು ವರ್ಷ ತುಳಿದ, ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ಸೈಕಲ್ಲನ್ನು ತಮ್ಮನಿಗೆ ಕೊಟ್ಟು ಬಂದಿದ್ದೆ. ಇಲ್ಲಿನ ಅಂಗಡಿಯಲ್ಲಿ ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಮೌಂಟನ್ ಬೈಕಿಗೆ 3,000 ಡಾಲರ್. ಅದರ ಮೇಲೆ ಶೇ. 9ಕ್ಕೂ ಮಿಕ್ಕಿದ ಮಾರಾಟ ತೆರಿಗೆ. ಫೋನಿನಲ್ಲಿ ಹೇಳಿದರೆ ಅಪ್ಪ, "ಅಷ್ಟು ದುಡ್ಡಿಗೆ ಇಲ್ಲಿ ಬುಲೆಟ್ಟೇ ಬರುತ್ತಲ್ಲೋ" ಎಂದರು.

ಆ ಗುಣಾಕಾರಕ್ಕೆ ಹೆದರಿ 1,400 ಡಾಲರಿಗೆ ಸೆಕೆಂಡ್ ಹ್ಯಾಂಡ್ ಸೈಕಲ್ ಕೊಂಡೆ. ಮೂರನೇ ವಾರಕ್ಕೆ ಫೋರ್ಕಿನ ಸೀಲ್‌ನಿಂದ ಎಣ್ಣೆ ಜಿನುಗಿತು. ಹಿಂದಿನ ಶಾಕ್ ಗಾಳಿ ಹಿಡಿಯಲಿಲ್ಲ. ಸವೆದ ಚೈನು ಕ್ಯಾಸೆಟ್ಟಿನ ಹಲ್ಲುಗಳನ್ನೂ ತಿಂದಿತ್ತು. ರಿಪೇರಿಗೆ 620 ಡಾಲರ್ ಹೋಯಿತು. ಕೊಳ್ಳುವ ಮೊದಲೇ ಮೆಕ್ಯಾನಿಕ್ ಒಬ್ಬರಿಗೆ ಸ್ವಲ್ಪ ಹಣ ಕೊಟ್ಟು ತೋರಿಸಿದ್ದರೆ ಇದೆಲ್ಲ ತಿಳಿಯುತ್ತಿತ್ತು, ಬೆಲೆಯನ್ನೂ ಚೌಕಾಸಿ ಮಾಡಬಹುದಿತ್ತು. ಸಂಬಳ ಡಾಲರಿನಲ್ಲಿ, ಬಾಡಿಗೆ ಡಾಲರಿನಲ್ಲಿ ಇರುವಾಗ ಖರ್ಚನ್ನು ಮಾತ್ರ ರೂಪಾಯಿಯಲ್ಲಿ ಅಳೆಯುವುದು ತಪ್ಪು ಲೆಕ್ಕ ಎಂಬುದು ಆಗ ಅರ್ಥವಾಯಿತು.

ಇದಕ್ಕಿಂತ ದೊಡ್ಡ ತಪ್ಪು ಸ್ವಲ್ಪದರಲ್ಲಿ ತಪ್ಪಿತು. ಹೆಂಡತಿ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ, ಸೈಕಲ್ ಬೆಟ್ಟಕ್ಕೆ ಒಯ್ಯಲು ಇನ್ನೊಂದು ಕಾರು ಬೇಕು ಎಂದುಕೊಂಡಿದ್ದೆ. ಕಂತು, ವಿಮೆ ಸೇರಿ ತಿಂಗಳಿಗೆ 600 ಡಾಲರ್ ಆಗುತ್ತಿತ್ತು. ಕಾಗದಕ್ಕೆ ಸಹಿ ಹಾಕುವ ಮುಂಚಿನ ಭಾನುವಾರ ಮನೆಯಿಂದಲೇ ಸೈಕಲ್ ತುಳಿದು ನೋಡಿದೆ. ಮೇರಿ ಅವೆನ್ಯೂ ಹಿಡಿದು ದಕ್ಷಿಣಕ್ಕೆ ಹೋದರೆ 280 ಹೆದ್ದಾರಿಯ ಮೇಲೆ ಡಾನ್ ಬರ್ನೆಟ್ ಸೇತುವೆ ಸಿಗುತ್ತದೆ. ನಡೆಯುವವರಿಗೆ ಮತ್ತು ಸೈಕಲ್ಲಿಗೆ ಮಾತ್ರ ಮೀಸಲಾದ ಈ ತೂಗುಹಗ್ಗದ ಸೇತುವೆ 2009ರಲ್ಲಿ ತೆರೆಯಿತು. ಅದನ್ನು ದಾಟಿ ಕ್ಯೂಪರ್ಟಿನೋ ಹಾಯ್ದು ಸ್ಟೀವನ್ಸ್ ಕ್ರೀಕ್ ಕೌಂಟಿ ಪಾರ್ಕ್ ಸೇರಿ, ಅಲ್ಲಿಂದ ಫ್ರಿಮಾಂಟ್ ಓಲ್ಡರ್ ಸಂರಕ್ಷಿತ ಪ್ರದೇಶದ ಮಣ್ಣಿನ ಏರು ಹತ್ತಿದೆ. ಹಂಟರ್ಸ್ ಪಾಯಿಂಟ್ ತಲುಪಿ ನಿಂತಾಗ ಇಡೀ ಸಾಂಟಾ ಕ್ಲಾರಾ ಕಣಿವೆ ಕಾಲಡಿ ಹರಡಿತ್ತು. ಎರಡನೇ ಕಾರು ಬೇಡವೆಂದು ಅಲ್ಲೇ ತೀರ್ಮಾನಿಸಿದೆ. ವರ್ಷಕ್ಕೆ 7,200 ಡಾಲರ್ ಉಳಿಯಿತು.

ಈ ಬೆಟ್ಟಗಳು ಯಾರ ದುಡ್ಡಿನಲ್ಲಿ ಉಳಿದಿವೆ ಎಂಬುದನ್ನೂ ಹೊಸಬರು ತಿಳಿದಿರಬೇಕು. ಕಣಿವೆಯ ಹಣ್ಣಿನ ತೋಟಗಳು ಕಟ್ಟಡಗಳಾಗುತ್ತಿದ್ದ ಕಾಲದಲ್ಲಿ, 1972ರಲ್ಲಿ, ಇಲ್ಲಿನ ಜನ ಮತ ಹಾಕಿ ಬಯಲು ಜಾಗ ಉಳಿಸುವ ಮಿಡ್‌ಪೆನಿನ್ಸುಲಾ ರೀಜನಲ್ ಓಪನ್ ಸ್ಪೇಸ್ ಡಿಸ್ಟ್ರಿಕ್ಟ್ ಎಂಬ ಸಾರ್ವಜನಿಕ ಸಂಸ್ಥೆ ಕಟ್ಟಿಕೊಂಡರು. 2014ರಲ್ಲಿ ಅದರ 30 ಕೋಟಿ ಡಾಲರಿನ ಬಾಂಡಿಗೂ ಒಪ್ಪಿಗೆ ಕೊಟ್ಟರು. ಈ ಸಂಸ್ಥೆಯ ಮುಖ್ಯ ಆದಾಯ ಆಸ್ತಿ ತೆರಿಗೆ. ಮನೆ ಮಾಲೀಕರು ಕಟ್ಟುವ ಆ ತೆರಿಗೆಯಲ್ಲಿ ನಮ್ಮ ಬಾಡಿಗೆಯ ಪಾಲೂ ಇದೆ. ಸಂರಕ್ಷಿತ ಪ್ರದೇಶದೊಳಗೆ ಹೋಗಲು ಟಿಕೆಟ್ ಇಲ್ಲ. ಹೆಲ್ಮೆಟ್ ಕಡ್ಡಾಯ, ವೇಗ ಗಂಟೆಗೆ 15 ಮೈಲಿ ಮೀರುವಂತಿಲ್ಲ, ನಡೆಯುವವರಿಗೆ ದಾರಿ ಬಿಡಬೇಕು. ತಿಂಗಳ ಶುಲ್ಕ ಕೊಟ್ಟು ಜಿಮ್‌ಗೆ ಸೇರಿ ಈ ಬೆಟ್ಟ ನೋಡದೆಯೇ ವರ್ಷಗಳನ್ನು ಕಳೆದ ಗೆಳೆಯರು ನನಗಿದ್ದಾರೆ. ಅದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಒಂದು ವೆಚ್ಚವನ್ನು ಮಾತ್ರ ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮೊದಲ ಚಳಿಗಾಲದಲ್ಲಿ ಒದ್ದೆ ಬೇರಿನ ಮೇಲೆ ಚಕ್ರ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ತಿಂಗಳ ಕಂತು ಕಡಿಮೆ ಎಂದು ಆರಿಸಿದ್ದ ಆರೋಗ್ಯ ವಿಮೆಯಲ್ಲಿ ಮೊದಲ 3,000 ಡಾಲರ್ ನನ್ನದೇ ಹೊಣೆ. ಅಷ್ಟೂ ಉಳಿತಾಯದಿಂದ ಹೋಯಿತು. ಈಗ ಅದೇ ವಿಮೆಯ ಜೊತೆಗೆ, ಚಿಕಿತ್ಸೆಯ ಖರ್ಚಿಗೆಂದು ಇರುವ ಹೆಲ್ತ್ ಸೇವಿಂಗ್ಸ್ ಅಕೌಂಟಿಗೆ ಪ್ರತಿ ಸಂಬಳದಲ್ಲೂ ಹಣ ಹಾಕುತ್ತೇನೆ. ಅದಕ್ಕೆ ಫೆಡರಲ್ ಆದಾಯ ತೆರಿಗೆ ಇಲ್ಲ, ಆದರೆ ಕ್ಯಾಲಿಫೋರ್ನಿಯಾ ರಾಜ್ಯ ಆ ವಿನಾಯಿತಿ ಕೊಡುವುದಿಲ್ಲ. ಖರ್ಚಾಗದ ಹಣ ಮುಂದಿನ ವರ್ಷಕ್ಕೂ ಉಳಿಯುತ್ತದೆ.

ಆಸ್ಪತ್ರೆಯ ಬಿಲ್ ಬಿಟ್ಟು ಸೈಕಲ್ಲಿನ ಲೆಕ್ಕವನ್ನಷ್ಟೇ ಹೇಳುತ್ತೇನೆ. ಮೊದಲ ವರ್ಷ ಒಟ್ಟು 2,400 ಡಾಲರ್, 60 ಸವಾರಿ. ಸವಾರಿಯೊಂದಕ್ಕೆ 40 ಡಾಲರ್ ಬಿತ್ತು. ಎರಡನೇ ವರ್ಷ ಟೈರು, ಬ್ರೇಕ್ ಪ್ಯಾಡು, ಸರ್ವೀಸು ಎಲ್ಲ ಸೇರಿ 480 ಡಾಲರ್, 80 ಸವಾರಿ. ಅಂದರೆ ಸವಾರಿಗೆ 6 ಡಾಲರ್. ಇಲ್ಲಿ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ ಅದಕ್ಕಿಂತ ದುಬಾರಿ.

ಹೊಸ ಊರಿಗೆ ಬಂದ ಸವಾರರಲ್ಲಿ ನನ್ನ ವಿನಂತಿ ಇಷ್ಟೇ. ಸೈಕಲ್ ಕೊಳ್ಳುವ ದಿನವೇ ಅದರ ಬೆಲೆಯ ಮೂರನೇ ಒಂದು ಪಾಲನ್ನು ರಿಪೇರಿಗೆ ಎತ್ತಿಡಿ. ನಿಮ್ಮ ಆರೋಗ್ಯ ವಿಮೆಯಲ್ಲಿ ಕೈಯಿಂದ ಕಟ್ಟಬೇಕಾದ ಮೊತ್ತ ಎಷ್ಟು ಎಂದು ಇವತ್ತೇ ನೋಡಿ, ಅಷ್ಟನ್ನು ಬೇರೆಯಾಗಿ ಇಡಿ. ಕಾರಿಗೆ ಸಾಲ ಮಾಡುವ ಮೊದಲು ಒಂದು ಭಾನುವಾರ ಮನೆ ಬಾಗಿಲಿನಿಂದ ಬೆಟ್ಟದವರೆಗೆ ತುಳಿದು ನೋಡಿ.