ಬೇಸಿಗೆ ರಜೆ: ಮಕ್ಕಳ ಕೈಗೂ ಒಂದು ಕೆಲಸ

ಅಕ್ಕಂದಿರೆ,

ಏಪ್ರಿಲ್ ಎರಡನೇ ವಾರ ಬಂತು ಅಂದರೆ ಶಾಲೆಗೆ ರಜೆ. ಮೇ ತಿಂಗಳ ಕೊನೆಯವರೆಗೂ ಮಕ್ಕಳು ಮನೆಯಲ್ಲೇ. ಹೊರಗೆ ಸುಡುವ ಬಿಸಿಲು. ಒಳಗೆ ಮಕ್ಕಳ ಗಲಾಟೆ. ಅಮ್ಮನಿಗೆ ಹೊಲದ ಕೆಲಸ, ಕೂಲಿ ಕೆಲಸ, ಮನೆ ಕೆಲಸ. "ಈ ಶಾಲೆ ಯಾವಾಗ ತೆಗೀತಾರೋ!" ಅಂತ ನೀವು ಎಷ್ಟು ಸಲ ಅಂದಿಲ್ಲ?

ಇನ್ನೊಂದು ಮಾತು. ಶಾಲೆ ಇದ್ದಾಗ ಮಧ್ಯಾಹ್ನ ಬಿಸಿಯೂಟ ಇರುತ್ತೆ. ರಜೆಯಲ್ಲಿ ಆ ಒಂದು ಹೊತ್ತಿನ ಊಟವೂ ಮನೆಯಲ್ಲೇ ಆಗಬೇಕು. ಬರ ಬಂದ ವರ್ಷ ಸರ್ಕಾರ ರಜೆಯಲ್ಲೂ ಊಟ ಕೊಟ್ಟದ್ದುಂಟು. 2024ರ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳಲ್ಲಿ ಹಾಗೆ ಕೊಟ್ಟರು. ನಿಮ್ಮ ಊರಲ್ಲಿ ಉಂಟೋ ಇಲ್ಲವೋ, ಮುಖ್ಯೋಪಾಧ್ಯಾಯರನ್ನು ಕೇಳಿ ತಿಳಿಯಿರಿ. ಕೇಳುವುದು ನಮ್ಮ ಹಕ್ಕು.

ಈ ಪಾಠದಲ್ಲಿ ಮೂರು ಸಂಗತಿ ಓದೋಣ. ಮಕ್ಕಳ ಜೊತೆ ಸೇರಿ ಮಾಡುವ ಸುಲಭ ಅಡುಗೆ. ಬಿಸಿಲು ಹೊತ್ತಿನಲ್ಲಿ ಮನೆಯೊಳಗೆ ಆಡುವ ಆಟ. ಬೇಸಿಗೆಯಲ್ಲಿ ಮಕ್ಕಳ ಜೀವಕ್ಕೆ ಬೇಕಾದ ಎಚ್ಚರ.

ಯಾವ ವಯಸ್ಸಿಗೆ ಯಾವ ಕೆಲಸ?

ಮಗುವಿಗೆ ಕೆಲಸ ಕೊಡುವುದು ಅಂದರೆ ದುಡಿಸುವುದಲ್ಲ. ಕೈಗೊಂದು ಕೆಲಸ ಸಿಕ್ಕರೆ ಮಗು ಅಳುವುದಿಲ್ಲ. ಎಣಿಸುವುದು, ಅಳೆಯುವುದು, ಹಂಚುವುದು ತಾನಾಗಿ ಕಲಿಯುತ್ತೆ.

3ರಿಂದ 5 ವರ್ಷ: ಸೊಪ್ಪು ಬಿಡಿಸುವುದು. ಹುರುಳಿಕಾಯಿ ಮುರಿಯುವುದು. ತೊಳೆದ ಲೋಟ ಜೋಡಿಸುವುದು.

6ರಿಂದ 8 ವರ್ಷ: ಬೇಳೆಯಲ್ಲಿ ಕಲ್ಲು ಆರಿಸುವುದು. ಬೆಳ್ಳುಳ್ಳಿ ಸುಲಿಯುವುದು. ನಿಂಬೆಹಣ್ಣು ಹಿಂಡುವುದು. ಹಿಟ್ಟು ಕಲಸುವುದು.

9ರಿಂದ 12 ವರ್ಷ: ಪಾವಿನಲ್ಲಿ ಅಳೆಯುವುದು. ಸೌತೆಕಾಯಿ ಹೆಚ್ಚುವುದು. ಮಜ್ಜಿಗೆ ಕಡೆಯುವುದು. ಅಂಗಡಿ ಲೆಕ್ಕ ಬರೆಯುವುದು.

ಒಲೆ, ಬಿಸಿ ಎಣ್ಣೆ, ಒಗ್ಗರಣೆ, ಕುಕ್ಕರು, ಈಳಿಗೆಮಣೆ: ಇವು ದೊಡ್ಡವರ ಕೆಲಸ. ಮಕ್ಕಳ ಕೈಗೆ ಬೇಡ.

ಒಲೆ ಹಚ್ಚದ ಅಡುಗೆ: ಹೆಸರುಬೇಳೆ ಕೋಸಂಬರಿ

ಬೇಕಾಗುವ ಸಾಮಾನು: ಹೆಸರುಬೇಳೆ ಅರ್ಧ ಪಾವು. ಸೌತೆಕಾಯಿ 1. ತೆಂಗಿನ ತುರಿ 2 ಚಮಚ. ನಿಂಬೆಹಣ್ಣು ಅರ್ಧ ಹೋಳು. ಕೊತ್ತಂಬರಿ ಸೊಪ್ಪು, ಉಪ್ಪು.

ಮಾಡುವ ವಿಧಾನ: ಬೇಳೆ ಆರಿಸಿ ತೊಳೆದು 1 ಗಂಟೆ ನೆನೆಹಾಕಿ. ನೀರು ಬಸಿಯಿರಿ. ಸೌತೆಕಾಯಿ ಸಣ್ಣಗೆ ಹೆಚ್ಚಿ ಬೇಳೆಗೆ ಹಾಕಿ. ತುರಿ, ಸೊಪ್ಪು, ನಿಂಬೆರಸ ಬೆರೆಸಿ. ಉಪ್ಪು ಮಾತ್ರ ತಿನ್ನುವ ಹೊತ್ತಿಗೆ ಹಾಕಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತೆ. ಒಗ್ಗರಣೆ ಬೇಕಾದರೆ ನೀವು ಕೊಡಿ. ಇಲ್ಲದಿದ್ದರೂ ರುಚಿಗೆ ಕೊರತೆಯಿಲ್ಲ.

ರಾಮನವಮಿಗೆ ನಾವೆಲ್ಲ ಕೋಸಂಬರಿ ಹಂಚುತ್ತೇವೆ. ಆದರೆ ಅದು ಹಬ್ಬಕ್ಕೆ ಮಾತ್ರ ಅಂತ ಏನೂ ಇಲ್ಲ. ಬೇಳೆಯಿಂದ ಮೈಗೆ ಬಲ. ಸೌತೆಕಾಯಿಯಿಂದ ನೀರು. ಬಿಸಿಲುಗಾಲಕ್ಕೆ ಹೇಳಿ ಮಾಡಿಸಿದ ತಿಂಡಿ.

ಬೆಲ್ಲದ ಪಾನಕ

ನಿಂಬೆಹಣ್ಣಿನ ಗಾತ್ರದ ಮೂರು ಉಂಡೆ ಬೆಲ್ಲ ಕುಟ್ಟಿ. ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಹಾಕಿ. ಕರಗುವವರೆಗೂ ಕಲಸುವುದು ಮಕ್ಕಳ ಕೆಲಸ. ಕರಗಿದ ಮೇಲೆ ಬಟ್ಟೆಯಲ್ಲಿ ಸೋಸಿ. ಬೆಲ್ಲದಲ್ಲಿ ಮರಳು, ಕಸ ಇರುತ್ತೆ. ಒಂದು ನಿಂಬೆಹಣ್ಣು ಹಿಂಡಿ. ಎರಡು ಏಲಕ್ಕಿ, ಒಂದು ಚಿಟಿಕೆ ಶುಂಠಿ ಪುಡಿ ಹಾಕಿ. ಮಡಕೆಯಲ್ಲಿಟ್ಟರೆ ತಣ್ಣಗಿರುತ್ತೆ.

ರಾಗಿ ಅಂಬಲಿ

ರಾಗಿ ನಮ್ಮ ಹೊಲದ ಬೆಳೆ. ಇದರಲ್ಲಿ ಸುಣ್ಣದ ಅಂಶ ಅಕ್ಕಿ, ಗೋಧಿಗಿಂತ ಬಹಳ ಹೆಚ್ಚು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಇದೆ. ಬೆಳೆಯುವ ಮಕ್ಕಳ ಮೂಳೆಗೆ, ಹಲ್ಲಿಗೆ ಇದು ಬೇಕು.

ಐದು ದೊಡ್ಡ ಚಮಚ ರಾಗಿ ಹಿಟ್ಟನ್ನು ಒಂದು ಲೋಟ ತಣ್ಣೀರಲ್ಲಿ ಕಲಸಿ. ಇದು ಮಗುವಿನ ಕೆಲಸ. ಗಂಟು ಒಂದೂ ಇರಬಾರದು. ಹಿಟ್ಟನ್ನು ನೇರ ಬಿಸಿನೀರಿಗೆ ಸುರಿದರೆ ಗಂಟು ಕಟ್ಟುತ್ತೆ. ಅದಕ್ಕೇ ಮೊದಲು ತಣ್ಣೀರು. ನೀವು ಮೂರು ಲೋಟ ನೀರು ಕುದಿಸಿ. ಕಲಸಿದ ಹಿಟ್ಟು ಹಾಕಿ ಕೈಬಿಡದೆ ತಿರುವಿ. ಏಳೆಂಟು ನಿಮಿಷ ಬೇಯಲಿ. ಪೂರ್ತಿ ಆರಿದ ಮೇಲೆ ಎರಡು ಲೋಟ ಮಜ್ಜಿಗೆ, ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ ಬೆರೆಸಿ. ನಾಲ್ಕು ಜನಕ್ಕೆ ಸಾಕು.

ಹೊಲಕ್ಕೆ ಹೋಗುವಾಗ ಮನೆಯಲ್ಲಿ ಒಂದು ಚೊಂಬು ಅಂಬಲಿ ಮುಚ್ಚಿಟ್ಟು ಹೋಗಿ. ಹಸಿವಾದ ಮಗು ಒಲೆ ಹತ್ತಿರ ಹೋಗುವುದಿಲ್ಲ.

ಅಕ್ಕಿ ಸಂಡಿಗೆ

ಬಿಸಿಲನ್ನು ಬೈಯುತ್ತೇವೆ. ಆದರೆ ಸಂಡಿಗೆ, ಹಪ್ಪಳ ಒಣಗುವುದು ಅದೇ ಬಿಸಿಲಲ್ಲಿ!

ಒಂದು ಪಾವು ಅಕ್ಕಿ ಹಿಟ್ಟಿಗೆ ಐದಾರು ಪಾವು ನೀರು. ಜೀರಿಗೆ, ಉಪ್ಪು ಹಾಕಿ ಗಂಜಿಯಂತೆ ಬೇಯಿಸಿ. ಉಪ್ಪು ಕಡಿಮೆ ಇರಲಿ. ಗಂಜಿ ಬಾಯಿಗೆ ಸ್ವಲ್ಪ ಸಪ್ಪೆ ಅನ್ನಿಸಬೇಕು. ಒಣಗಿದ ಮೇಲೆ ಉಪ್ಪು ಏರುತ್ತೆ. ಕುದಿಯುವ ಗಂಜಿ ಚರ್ಮಕ್ಕೆ ಅಂಟಿ ಸುಡುತ್ತೆ. ಅದು ಆರುವವರೆಗೂ ಮಕ್ಕಳು ದೂರ ಇರಲಿ. ಆರಿದ ಮೇಲೆ ಕರೆಯಿರಿ. ಹಳೇ ಪಂಚೆ ಹಾಸಿ, ಚಮಚದಲ್ಲಿ ಸಾಲಾಗಿ ಹಾಕಲಿ. ಒಂದು ಸಾಲಿಗೆ 10. ಹತ್ತು ಸಾಲಿಗೆ ಎಷ್ಟು? ಅಲ್ಲೇ ಮಗ್ಗಿ ಬಂತು.

ಬೆಳಗ್ಗೆ ಎಂಟರ ಒಳಗೆ ಹಾಕಿ ಮುಗಿಸಿ. ನೆರಳಲ್ಲಿ ಕೂತು ಕಾಗೆ ಓಡಿಸುವುದು ಮಕ್ಕಳ ಪಾಲು. ಎರಡು ಮೂರು ದಿನ ಒಣಗಲಿ. ಬಟ್ಟೆ ಹಿಂಬದಿಗೆ ನೀರು ಚಿಮುಕಿಸಿದರೆ ಸಂಡಿಗೆ ಸಲೀಸಾಗಿ ಬಿಡುತ್ತೆ. ಮತ್ತೆ ಒಂದು ಬಿಸಿಲು ಕೊಟ್ಟು ಡಬ್ಬಕ್ಕೆ ತುಂಬಿ.

ಗಂಡು ಹುಡುಗನಿಗೆ ಅಡುಗೆ ಮನೆಯಲ್ಲಿ ಏನು ಕೆಲಸ?

ಈ ಮಾತುಕತೆ ಓದಿ.

ಅತ್ತೆ: ಏನಮ್ಮಾ ಇದು, ಗಂಡು ಹುಡುಗನ ಕೈಲಿ ಬೆಳ್ಳುಳ್ಳಿ ಸುಲಿಸ್ತಾ ಇದೀಯ! ಅವಳಿಲ್ವಾ?

ಸೊಸೆ: ಅವಳು ಓದ್ತಾ ಇದಾಳೆ ಅತ್ತೆ. ಇವತ್ತು ಅವನ ಸರದಿ.

ಅತ್ತೆ: ನೋಡಿದೋರು ನಗ್ತಾರೆ.

ಸೊಸೆ: ನಗ್ಲಿ ಬಿಡಿ ಅತ್ತೆ. ನಾಳೆ ಇವನು ಓದೋಕೋ, ಕೆಲಸಕ್ಕೋ ಬೆಂಗಳೂರಿಗೆ ಹೋದ. ಅಲ್ಲಿ ಬೇಯಿಸಿ ಹಾಕೋರು ಯಾರು? ಹೋಟೆಲಿಗೆ ದುಡ್ಡು ಸುರೀಬೇಕಾ?

ಅತ್ತೆ: ಅದೂ ನಿಜಾನೇ. ನಿಮ್ಮ ಮಾವನಿಗೆ ಒಂದು ಲೋಟ ಮಜ್ಜಿಗೆ ಮಾಡ್ಕೊಳ್ಳೋಕೂ ಬರ್ತಿರಲಿಲ್ಲ. ನಂಗೆ ಜ್ವರ ಬಂದ್ರೆ ಮನೆ ಎಲ್ಲಾ ಉಪವಾಸ!

ಸೊಸೆ: ಹಂಗಾದ್ರೆ ನೀವೇ ಇವನಿಗೆ ಮಜ್ಜಿಗೆ ಕಡೆಯೋದು ಹೇಳಿಕೊಡಿ ಅತ್ತೆ.

ಅಕ್ಕಂದಿರೆ, ಯೋಚಿಸಿ. ಹತ್ತು ವರ್ಷದ ಮಗಳ ಸೊಂಟದ ಮೇಲೆ ಇಡೀ ದಿನ ಕೂಸು ಕೂತರೆ ಅವಳ ರಜೆ ಅಲ್ಲಿಗೆ ಮುಗಿಯಿತು. ನಾವು ಎಷ್ಟೋ ಜನ ಶಾಲೆ ಬಿಟ್ಟದ್ದು ಹಾಗೇ ಅಲ್ಲವೇ? ಮೊದಲು ಎರಡು ದಿನ ತಮ್ಮನನ್ನು ನೋಡಿಕೊಳ್ಳೋದಕ್ಕೆ. ಆಮೇಲೆ ಒಂದು ವಾರ. ಆಮೇಲೆ ಶಾಲೆಯ ಹಾದಿಯೇ ಮರೆತುಹೋಯಿತು. ಈಗ ನಾವು ದೀಪದ ಬೆಳಕಲ್ಲಿ ಅಕ್ಷರ ಕಲಿಯುತ್ತಾ ಇದ್ದೇವೆ. ನಮ್ಮ ಮಗಳಿಗೆ ಹಾಗಾಗಬಾರದು. ಕೆಲಸ ಇಬ್ಬರಿಗೂ ಸಮ. ಆಟವೂ ಸಮ. ಶಾಲೆ ತೆರೆದ ದಿನ ಇಬ್ಬರೂ ಚೀಲ ಹಿಡಿದು ಹೊರಡಲಿ.

ಬಿಸಿಲು ಹೊತ್ತಿನ ಆಟ

ಮಧ್ಯಾಹ್ನ 12ರಿಂದ 3 ಗಂಟೆವರೆಗೆ ಮಕ್ಕಳು ಬಿಸಿಲಿಗೆ ಹೋಗಬಾರದು. ಮನೆಯೊಳಗೆ ಆಡಲು ಕಾಸು ಖರ್ಚಿಲ್ಲದ ಆಟ ಬೇಕಾದಷ್ಟಿವೆ.

ಚೌಕಾಬಾರ: ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಸಾಲು, ಐದು ಮನೆ ಬರೆಯಿರಿ. ಒಟ್ಟು 25 ಮನೆ. ನಾಲ್ಕು ಹುಣಸೆ ಬೀಜ ತೆಗೆದುಕೊಳ್ಳಿ. ಒಂದು ಪಕ್ಕ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ. ಎಸೆದಾಗ ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ 4. ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದರೆ 8.

ಅಳಗುಳಿಮನೆ: ಮಣೆ ಇಲ್ಲದಿದ್ದರೆ ಅಂಗಳದ ನೆರಳಲ್ಲಿ ಏಳೇಳರಂತೆ 14 ಗುಳಿ ತೋಡಿ. ಹುಣಸೆ ಬೀಜ ಹಂಚುತ್ತಾ ಹೋದರೆ ಕೂಡುವುದು, ಕಳೆಯುವುದು ತಾನೇ ಬರುತ್ತೆ. ಅಜ್ಜಿಯನ್ನು ಕರೆಯಿರಿ. ಈ ಆಟದಲ್ಲಿ ಅಜ್ಜಿಯನ್ನು ಗೆಲ್ಲುವುದು ಸುಲಭವಲ್ಲ.

ಓದುವ ಆಟ: ಬೆಂಕಿಪೊಟ್ಟಣ, ಸೋಪಿನ ಕಾಗದ, ಹಳೇ ಪೇಪರು ತನ್ನಿ. ಮಗು ಒಂದು ಪದ ಓದಲಿ. ನೀವು ಒಂದು ಪದ ಓದಿ. ಯಾರು ಹೆಚ್ಚು ಓದುತ್ತಾರೆ ನೋಡೋಣ. ಮಗುವಿಗೆ ನೀವು ಸೋತರೂ ಲಾಭ ನಿಮಗೇ!

ಒಂದು ಎಚ್ಚರ: ಹುಣಸೆ ಬೀಜ, ಕಡಲೆಕಾಯಿ ಬೀಜ, ಗುಂಡಿ ಇವು ಸಣ್ಣ ಮಗುವಿನ ಕೈಗೆ ಸಿಗಬಾರದು. ಮೂಗಿಗೆ ಹಾಕಿಕೊಳ್ಳುತ್ತೆ, ಗಂಟಲಿಗೆ ಸಿಕ್ಕಿಸಿಕೊಳ್ಳುತ್ತೆ. ಆಟ ಮುಗಿದ ಮೇಲೆ ಬೀಜ ಎಣಿಸಿ ಡಬ್ಬಕ್ಕೆ ಹಾಕಿಸಿ.

ಎಚ್ಚರ! ಎಚ್ಚರ!

ನೀರು: ಬೇಸಿಗೆಯಲ್ಲಿ ಮಕ್ಕಳು ಈಜಲು ಕೆರೆಗೆ, ಬಾವಿಗೆ, ಕೃಷಿ ಹೊಂಡಕ್ಕೆ, ಕಲ್ಲು ಕ್ವಾರಿ ಗುಂಡಿಗೆ ಇಳಿಯುತ್ತಾರೆ. ಕೃಷಿ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಜಾರುತ್ತೆ. ಇಳಿದವರು ಹತ್ತಲು ಆಗುವುದಿಲ್ಲ. ದೊಡ್ಡವರಿಲ್ಲದೆ ನೀರಿಗೆ ಇಳಿಯಬಾರದು. ಇದನ್ನು ದಿನವೂ ಹೇಳಿ. ಯಾರಾದರೂ ಮುಳುಗಿದರೆ ಮಕ್ಕಳು ಹಿಂದೆ ಹಾರಬಾರದು. ಹಗ್ಗ, ಸೀರೆ, ಕೋಲು ಎಸೆಯಬೇಕು. ಕೂಗಿ ದೊಡ್ಡವರನ್ನು ಕರೆಯಬೇಕು. ಮನೆಯಲ್ಲಿ ತುಂಬಿದ ಬಕೆಟ್, ತೊಟ್ಟಿಯೂ ಅಂಬೆಗಾಲಿಡುವ ಮಗುವಿಗೆ ಅಪಾಯವೇ. ಮುಚ್ಚಿಡಿ.

ಬೆಂಕಿ: ಮೈ ಸುಟ್ಟರೆ ಕೂಡಲೇ ತಣ್ಣೀರು ಹುಯ್ಯಿರಿ. 20 ನಿಮಿಷ ಹುಯ್ಯುತ್ತಲೇ ಇರಿ. ಮಂಜುಗಡ್ಡೆ ಬೇಡ. ಟೂತ್‌ಪೇಸ್ಟ್, ಇಂಕು, ಸುಣ್ಣ, ಎಣ್ಣೆ ಯಾವುದೂ ಹಚ್ಚಬೇಡಿ. ಗುಳ್ಳೆ ಒಡೆಯಬೇಡಿ. ಶುಭ್ರವಾದ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಹೋಗಿ.

ವಿಷ: ಸೀಮೆಎಣ್ಣೆ, ಹೊಲದ ಔಷಧಿಯನ್ನು ತಂಪು ಪಾನೀಯದ ಬಾಟಲಿಯಲ್ಲಿ ಇಡಲೇಬೇಡಿ. ಬಾಯಾರಿದ ಮಗು ಪಾನಕ ಅಂತ ಕುಡಿದುಬಿಡುತ್ತೆ. ಕುಡಿದರೆ ವಾಂತಿ ಮಾಡಿಸಬೇಡಿ. ಬಾಟಲಿ ಸಮೇತ ಆಸ್ಪತ್ರೆಗೆ ಓಡಿ.

ವಾಂತಿ ಭೇದಿ: ಮಗುವಿನ ಮೈಯಲ್ಲಿ ನೀರು ಬತ್ತುತ್ತೆ. ಆಶಾ ಕಾರ್ಯಕರ್ತೆಯ ಬಳಿ ಓ.ಆರ್.ಎಸ್. ಪೊಟ್ಟಣ ಸಿಗುತ್ತೆ. ಅದು ಸಿಗುವವರೆಗೆ ಮನೆಯಲ್ಲೇ ಮಾಡಿ. ಕಾಯಿಸಿ ಆರಿಸಿದ ನೀರು 1 ಲೀಟರ್. ಸಕ್ಕರೆ 6 ಟೀ ಚಮಚ, ತಲೆ ಸವರಿ. ಉಪ್ಪು ಅರ್ಧ ಟೀ ಚಮಚ, ತಲೆ ಸವರಿ. ಉಪ್ಪು ಹೆಚ್ಚಾಗಬಾರದು. ಗುಟುಕು ಗುಟುಕಾಗಿ ಕುಡಿಸುತ್ತಾ ಇರಿ. 24 ಗಂಟೆ ಆದ ಮೇಲೆ ಉಳಿದದ್ದು ಚೆಲ್ಲಿ. ಎದೆಹಾಲು ನಿಲ್ಲಿಸಬೇಡಿ. ಕಣ್ಣು ಗುಳಿ ಬಿದ್ದರೆ, ಮಗು ಮಂಕಾದರೆ, ಉಚ್ಚೆ ಹೊಯ್ಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಈ ನಂಬರು ಗೋಡೆ ಮೇಲೆ ದೊಡ್ಡದಾಗಿ ಬರೆಯಿರಿ:

ಆಂಬುಲೆನ್ಸ್: 108
ಪೊಲೀಸ್, ತುರ್ತು ಸಹಾಯ: 112
ಮಕ್ಕಳ ಸಹಾಯವಾಣಿ: 1098

ಇವನ್ನು ನೀವೇ ಬರೆಯಿರಿ. ಮಗುವಿಗೂ ಓದಿಸಿ. ಮನೆಯಲ್ಲಿ ಯಾರೂ ಇಲ್ಲದಾಗ ಆ ಮೂರು ಅಂಕಿ ಒಂದು ಜೀವ ಉಳಿಸಬಹುದು.

ಅಭ್ಯಾಸ

1. ಈ ಪದಗಳನ್ನು ಓದಿ, ಬರೆಯಿರಿ:
ಕೋಸಂಬರಿ, ಅಂಬಲಿ, ಸಂಡಿಗೆ, ಪಾನಕ, ಹುಣಸೆ, ಮಜ್ಜಿಗೆ, ಎಚ್ಚರ

2. ಬಿಟ್ಟ ಸ್ಥಳ ತುಂಬಿ:
ಕೋಸಂಬರಿಗೆ ಉಪ್ಪು ______ ಹೊತ್ತಿಗೆ ಹಾಕಬೇಕು.
ಸುಟ್ಟ ಜಾಗಕ್ಕೆ ______ ನಿಮಿಷ ತಣ್ಣೀರು ಹುಯ್ಯಬೇಕು.
1 ಲೀಟರ್ ನೀರಿಗೆ ಸಕ್ಕರೆ ______ ಟೀ ಚಮಚ, ಉಪ್ಪು ______ ಟೀ ಚಮಚ.

3. ಲೆಕ್ಕ ಮಾಡಿ:
ಒಂದು ನಿಂಬೆಹಣ್ಣಿಗೆ 5 ರೂಪಾಯಿ. ಮೂರು ನಿಂಬೆಹಣ್ಣಿಗೆ ಎಷ್ಟು? 20 ರೂಪಾಯಿ ಕೊಟ್ಟರೆ ಚಿಲ್ಲರೆ ಎಷ್ಟು ಬರಬೇಕು?

4. ಗುಂಪಿನಲ್ಲಿ ಮಾತಾಡಿ:
ನೀವು ಶಾಲೆ ಬಿಟ್ಟದ್ದು ಯಾಕೆ? ನಿಮ್ಮ ಮಗಳಿಗೆ ಹಾಗಾಗದಂತೆ ಏನು ಮಾಡುತ್ತೀರಿ? ಕೂಲಿಗೆ ಹೋಗುವ ದಿನ ನಾಲ್ಕೈದು ಮನೆಯವರು ಸೇರಿ, ಸರದಿಯಂತೆ ಒಬ್ಬರು ಎಲ್ಲರ ಮಕ್ಕಳನ್ನು ನೋಡಿಕೊಳ್ಳಬಹುದೇ?

5. ಮನೆಯಲ್ಲಿ ಮಾಡಿ:
ಒಂದು ಹಾಳೆಯಲ್ಲಿ ಏಳು ದಿನದ ಹೆಸರು ಬರೆಯಿರಿ. ಯಾವ ದಿನ ಯಾರ ಸರದಿ, ಯಾವ ಕೆಲಸ ಅಂತ ಎದುರಿಗೆ ಬರೆಯಿರಿ. ಮಗನ ಹೆಸರು, ಮಗಳ ಹೆಸರು, ಅವರ ಅಪ್ಪನ ಹೆಸರು ಎಲ್ಲಾ ಇರಲಿ. ಹಾಳೆಯ ಕೆಳಗೆ ನಿಮ್ಮ ರುಜು ಹಾಕಿ. ಮುಂದಿನ ತರಗತಿಗೆ ಬರುವಾಗ ತನ್ನಿ. ಎಲ್ಲರೂ ಓದೋಣ.