ಕಬ್ಬಿನ ಸುಳಿ ಒಣಗಿಸುವ ಪುಟ್ಟ ಪತಂಗ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಅಂದ ಕೂಡಲೇ ನಮಗೆ ನೆನಪಾಗೋದು ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಮತ್ತು ಕಣ್ಣು ಹಾಯಿಸಿದಷ್ಟೂ ಕಬ್ಬು. ನಮ್ಮಲ್ಲಿ ಎಷ್ಟೋ ಜನರ ಕಾಲೇಜು ಫೀ ಬರೋದೇ ಕಬ್ಬಿನ ಬಿಲ್ಲಿನಿಂದ. ಆ ಬಿಲ್ಲಿಗೇ ಕತ್ತರಿ ಹಾಕುವ ಒಂದು ಪತಂಗದ ಬಗ್ಗೆ ಇವತ್ತು ತಿಳಿಯೋಣ.

ಇದರ ವೈಜ್ಞಾನಿಕ ಹೆಸರು ಕೈಲೋ ಇನ್‌ಫಸ್ಕಾಟೆಲ್ಲಸ್. ರೆಕ್ಕೆ ಬಿಚ್ಚಿದರೆ ಅಗಲ ಸುಮಾರು ಒಂದು ಇಂಚು. ಮುಂದಿನ ರೆಕ್ಕೆ ಒಣಹುಲ್ಲಿನ ಬಣ್ಣ, ಹಿಂದಿನದು ಬಿಳಿಚು. ಹಗಲು ಎಲೆಯ ಮರೆಯಲ್ಲಿ ಕೂತರೆ ಗೊತ್ತೇ ಆಗಲ್ಲ, ಓಡಾಟವೆಲ್ಲ ರಾತ್ರಿ. ಭಾರತವಲ್ಲದೆ ಪಾಕಿಸ್ತಾನ, ಮ್ಯಾನ್ಮಾರ್, ಚೀನಾ, ಇಂಡೋನೇಷ್ಯಾಗಳಲ್ಲೂ ಇದೆ.

ಬೆಳೆ ಹಾಳು ಮಾಡೋದು ಪತಂಗವಲ್ಲ, ಅದರ ಮರಿಹುಳು. ಹೆಣ್ಣು ಪತಂಗ ಎಲೆಯ ಕೆಳಗೆ ಸಾಲುಸಾಲಾಗಿ, ಮನೆಯ ಹಂಚು ಜೋಡಿಸಿದ ಹಾಗೆ ಮೊಟ್ಟೆ ಇಡುತ್ತದೆ. 4-6 ದಿನಕ್ಕೆ ಮರಿ ಹೊರಬರುತ್ತದೆ. ಅದರ ಬೆನ್ನ ಮೇಲೆ 5 ನೇರಳೆ ಗೆರೆ. ಅದು ನೆಲಕ್ಕೆ ಹತ್ತಿರ ಎಳೆ ಸಸಿಯನ್ನು ಕೊರೆದು ಒಳಗೆ ಹೋಗಿ, ಬೆಳೆಯುವ ಸುಳಿಯನ್ನೇ ತಿಂದುಬಿಡುತ್ತದೆ. ಸುಳಿ ಒಣಗುತ್ತದೆ; ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ, ಕೆಟ್ಟ ವಾಸನೆಯೂ ಇರುತ್ತದೆ. ಮೂರು-ನಾಲ್ಕು ವಾರ ತಿಂದ ಹುಳು ಅಲ್ಲೇ ಕೋಶವಾಗಿ, ಮತ್ತೆ ಪತಂಗವಾಗಿ ಹಾರುತ್ತದೆ. ಬಿಸಿಲು, ಒಣ ಹವೆ ಇದಕ್ಕೆ ಇಷ್ಟ. ನಾಟಿಯಾಗಿ 1ರಿಂದ 3 ತಿಂಗಳ ಕಬ್ಬಿಗೇ ಹೆಚ್ಚು ಕಾಟ.

ಈಗ ಎಂಜಿನಿಯರ್ ಥರ ಯೋಚಿಸೋಣ. ಹುಳು ಒಳಗೆ ಸೇರಿದ ಮೇಲೆ ಮೇಲಿಂದ ಔಷಧ ಹೊಡೆದರೆ ಅದಕ್ಕೆ ಮುಟ್ಟೋದೇ ಕಷ್ಟ. ಹೊರಗೆ ಸಿಗುವ ಹಂತ ಮೊಟ್ಟೆ. ಅಲ್ಲೇ ಕೆಲಸ ಮಾಡುತ್ತದೆ ಟ್ರೈಕೊಗ್ರಾಮಾ ಎಂಬ, ಒಂದು ಮಿಲಿಮೀಟರಿಗಿಂತ ಚಿಕ್ಕ ಕಣಜ. ಅದು ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಮರಿಹುಳು ಹುಟ್ಟೋದೇ ಇಲ್ಲ. ಈ ಕಣಜದ ಕಾರ್ಡುಗಳನ್ನು ಎಲೆಗೆ ಕಟ್ಟುತ್ತಾರೆ. ಆ ದಿನಗಳಲ್ಲಿ ಕೀಟನಾಶಕ ಹೊಡೆದರೆ ಕಣಜವೇ ಸಾಯುತ್ತದೆ.

ಇನ್ನೆರಡು ಉಪಾಯಗಳಿಗೆ ಖರ್ಚು ಕಡಿಮೆ. ರವದಿ ಸುಡದೆ ಸಾಲಿನಲ್ಲಿ ಹೊದಿಸಿದರೆ ತೇವ ಉಳಿದು ಹುಳುವಿನ ಕಾಟ ಇಳಿಯುತ್ತದೆ. ಸಸಿಯ ಬುಡಕ್ಕೆ ಹಗುರಾಗಿ ಮಣ್ಣು ಏರಿಸಿದರೆ ಹುಳು ಕೊರೆದ ತೂತು ಮುಚ್ಚಿ, ಒಳಗಿನ ಪತಂಗಕ್ಕೆ ಹೊರಗೆ ಬರಲು ದಾರಿ ಸಿಗಲ್ಲ.

ರಜೆಗೆ ಊರಿಗೆ ಹೋದಾಗ ಹೊಲಕ್ಕೊಂದು ಸುತ್ತು ಹಾಕಿ ನೋಡ್ರಿ. ಒಣ ಸುಳಿ ಕಂಡರೆ ಅಂಗಡಿಗೆ ಔಷಧ ತರಲು ಓಡುವ ಮೊದಲು ಎಲೆ ತಿರುವಿ ಮೊಟ್ಟೆ ಹುಡುಕಿ, ಆಮೇಲೆ ಅಪ್ಪನ ಜೊತೆ ಕೂತು ಮಾತಾಡ್ರಿ.