ಪಂಚವೀಸ ಅಂದರೆ ಐವತ್ತೆರಡು

ಕರಜಗಿ ಎಂದರೆ ಕರ್ನಾಟಕದವರು ಯಾವ ಕರಜಗಿ ಎಂದು ಕೇಳುತ್ತಾರೆ. ಹಾವೇರಿ ಹತ್ತಿರ ಒಂದಿದೆ, ಅಫಜಲಪುರ ತಾಲೂಕಿನಲ್ಲಿ ಇನ್ನೊಂದಿದೆ. ನಾನು ಹೇಳುತ್ತಿರುವುದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ, ಅಕ್ಕಲಕೋಟ ತಾಲೂಕಿನ ಕರಜಗಿ. ತೆಂಕಣಕ್ಕೆ ಹೋಗಿ ಭೀಮೆ ದಾಟಿದರೆ ಇಂಡಿ ತಾಲೂಕು, ಅಂದರೆ ಕರ್ನಾಟಕ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ನಾವು ಮುಂಬಯಿ ರಾಜ್ಯದಲ್ಲಿ ಉಳಿದೆವು. 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟ ಸೀಮೆ ಕರ್ನಾಟಕಕ್ಕೆ ಸೇರಬೇಕೆಂದು ವರದಿ ಕೊಟ್ಟಿತು. ವರದಿ ಜಾರಿಗೆ ಬರಲಿಲ್ಲ. ಬಸ್ಸಿನ ಬೋರ್ಡು ಮರಾಠಿ, ಬಸ್ಸಿನೊಳಗಿನ ಜಗಳ ಕನ್ನಡ. ಸೊಸೆ ಆಚೆಯಿಂದ ಬರುತ್ತಾಳೆ, ಮಗಳು ಆಚೆಗೆ ಹೋಗುತ್ತಾಳೆ. ಈ ಸೀಮೆಯ ಒಂದು ಜಿಲ್ಲಾ ಪರಿಷದ್ ಕನ್ನಡ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತ ನನ್ನ ತಲೆ ಬೆಳ್ಳಗಾಗಿದೆ.

ನಮಗೆ ಆಗಾಗ ಪ್ರಶಿಕ್ಷಣ ಇರುತ್ತದೆ. ‘ಸಮಾವೇಶಕ ಶಿಕ್ಷಣ’, ಅಂದರೆ ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣ, ಎಂಬ ಮಾತು ಅಲ್ಲಿ ಬಹಳ ಕೇಳಿಬರುತ್ತದೆ. ಮಕ್ಕಳಿಗೆ ವೈವಿಧ್ಯದ ಪರಿಚಯ ಮಾಡಿಸಿ, ಬೇರೆ ಬೇರೆ ಜನರ ಉಡುಗೆ ತೊಡುಗೆ, ಹಬ್ಬ ಹುಣ್ಣಿಮೆ ತೋರಿಸಿ ಎನ್ನುತ್ತಾರೆ. ಪುಣೆ, ಮುಂಬಯಿಯ ಶಾಲೆಗಳಿಗೆ ಇದು ಸರಿ ಇದ್ದೀತು. ನಮ್ಮ ಒಂದನೇ ಇಯತ್ತೆಯ ಮಗುವಿಗೆ ಪರಿಚಯ ಮಾಡಿಸಲು ಏನೂ ಉಳಿದಿಲ್ಲ. ಯಾರ ಮನೆ ಯಾವ ಓಣಿಯಲ್ಲಿದೆ, ಯಾರ ಮನೆಯಲ್ಲಿ ನೀರು ಕುಡಿಯಬಹುದು, ಯಾರ ಅವ್ವ ಮನೆಯಲ್ಲಿ ಯಾವ ಮಾತು ಆಡುತ್ತಾಳೆ ಎಂಬುದೆಲ್ಲ ಅದಕ್ಕೆ ಆರು ವರ್ಷಕ್ಕೇ ಬಾಯಿಪಾಠ. ಲಿಂಗಾಯತರು, ಕುರುಬರು, ದಲಿತರು, ಮನೆಯಲ್ಲಿ ದಖನಿ ಆಡುವ ಮುಸಲ್ಮಾನರು, ತಾಂಡಾದ ಲಮಾಣಿಗರು, ಮರಾಠಿ ಮನೆಯವರು, ತೆಲುಗು ಬೆರೆತ ಮಾತಿನ ವಡ್ಡರು ಎಲ್ಲರೂ ಒಂದೇ ಜಮಖಾನೆಯ ಮೇಲೆ ಕೂತಿರುತ್ತಾರೆ. ಭೇದ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಮಾಸ್ತರನ ಕೆಲಸ ಶುರುವಾಗುವುದು ಆ ತಿಳಿವಳಿಕೆ ಕೂರುವಲ್ಲಿ, ಉಣ್ಣುವಲ್ಲಿ, ಲೆಕ್ಕ ಮಾಡುವಲ್ಲಿ ಹೇಗೆ ಅಡ್ಡ ಬರುತ್ತದೆ ಎಂಬುದನ್ನು ನೋಡುವಾಗ.

ಲೆಕ್ಕದ್ದೇ ಮೊದಲು ಹೇಳುತ್ತೇನೆ. ನನಗೆ ಕಣ್ಣು ತೆರೆಸಿದ್ದು ಅದೇ.

ಎರಡನೇ ಇಯತ್ತೆಯಲ್ಲಿ ಒಬ್ಬ ಹುಡುಗ ಇದ್ದ. ತಾಯಿ ಮರಾಠಿ ಸೀಮೆಯಿಂದ ಬಂದವಳು, ಮನೆಯಲ್ಲಿ ಮರಾಠಿಯೇ. ಕನ್ನಡ ಓದುವುದರಲ್ಲಿ ಅಂಥ ಹಿಂದೆ ಇರಲಿಲ್ಲ. ಆದರೆ ಅಂಕಿ ಬರೆಸಿದರೆ ಸಾಕು, ಅರ್ಧಕ್ಕರ್ಧ ತಿರುವುಮುರುವು. ಇಪ್ಪತ್ತೈದು ಎಂದರೆ 52, ಮೂವತ್ತೇಳು ಎಂದರೆ 73. ಹುಡುಗರು ನಗುತ್ತಿದ್ದರು. ‘ದಡ್ಡ ಅದಾನ್ರಿ ಸರ, ಬಿಡ್ರಿ’ ಎನ್ನುವ ಮಟ್ಟಿಗೆ ಹೋಗಿತ್ತು. ಅವನ ವಹಿ ಮನೆಗೆ ತಂದು ಕೂತು ನೋಡಿದೆ. ತಪ್ಪು ಎಲ್ಲೆಂದರಲ್ಲಿ ಬಿದ್ದಿರಲಿಲ್ಲ. 22, 33, 44 ಸರಿ ಇದ್ದವು. 30, 40 ಸರಿ. ತಪ್ಪಾದಲ್ಲೆಲ್ಲ ಬಿಡಿ ಮೊದಲು, ದಶಕ ಆಮೇಲೆ.

ಮರಾಠಿಯಲ್ಲಿ ಇಪ್ಪತ್ತೈದಕ್ಕೆ ಪಂಚವೀಸ. ಐದು ಮೊದಲು ಕೇಳಿಸುತ್ತದೆ, ಇಪ್ಪತ್ತು ಆಮೇಲೆ. ಹುಡುಗ ನನ್ನ ಕನ್ನಡ ಕೇಳಿ, ಒಳಗೊಳಗೇ ಅವ್ವನ ಮಾತಿಗೆ ತಿರುಗಿಸಿಕೊಂಡು, ಕೇಳಿಸಿದ ಸಾಲಿನಂತೆ ಪ್ರಾಮಾಣಿಕವಾಗಿ ಬರೆಯುತ್ತಿದ್ದ. ದಖನಿ ಆಡುವ ಮನೆಗಳಲ್ಲೂ ಇದೇ ಕ್ರಮ. ಕನ್ನಡದಲ್ಲಿ ದಶಕ ಮೊದಲು ಬಂದು ಬಿಡಿ ಹಿಂದೆ ಬರುತ್ತದೆ, ಬರೆಯುವ ಸಾಲೂ ಹಾಗೆಯೇ. ನಮ್ಮ ಕನ್ನಡ ಮನೆಯ ಹುಡುಗರು ಈ ಲಾಭವನ್ನು ಹುಟ್ಟುತ್ತಲೇ ಪಡೆದವರು, ಅದನ್ನು ತಮ್ಮ ಜಾಣತನ ಎಂದುಕೊಂಡಿದ್ದರು.

2019ರಲ್ಲಿ ಮಹಾರಾಷ್ಟ್ರ ತುಂಬ ಇದೇ ವಿಷಯಕ್ಕೆ ಗದ್ದಲ ಎದ್ದಿತ್ತು. ರಾಜ್ಯದ ಪಠ್ಯಪುಸ್ತಕ ಮಂಡಳಿ ಬಾಲಭಾರತಿಯ ಎರಡನೇ ಇಯತ್ತೆಯ ಗಣಿತ ಪುಸ್ತಕದಲ್ಲಿ ಇಪ್ಪತ್ತೊಂದಕ್ಕೆ ‘ಏಕವೀಸ’ದ ಜೊತೆಗೆ ‘ವೀಸ ಏಕ’ ಎಂದು ಓದುವ ರೀತಿಯನ್ನೂ ಕೊಟ್ಟಿದ್ದರು. ಮಂಗಲಾ ನಾರಳೀಕರ ಗಣಿತ ಸಮಿತಿಯ ಅಧ್ಯಕ್ಷೆಯಾಗಿದ್ದರು. ಮರಾಠಿ ಕೆಟ್ಟಿತು ಎಂದು ವಿರೋಧಿಸಿದವರು ವಿಧಾನಸಭೆಯಲ್ಲೂ ಹಾಸ್ಯ ಮಾಡಿದರು. ಕರಜಗಿ ಕಡೆಯ ಕನ್ನಡ ಶಾಲೆಯಲ್ಲಿ ಕೂತವನಿಗೆ ಆ ಪುಟದ ಬೆಲೆ ತಕ್ಷಣ ತಿಳಿಯಿತು. ಮರಾಠಿ ಮಾತಾಡುವ ಮಗುವಿಗೂ ಕನ್ನಡ ಮಾತಾಡುವ ಮಗುವಿಗೂ ನಡುವೆ ದಾಟಲು ಹಾಕಿದ ಹಲಗೆ ಅದು. ಭಾಷಾಭಿಮಾನದವರಿಗೆ ಎರಡನೇ ಇಯತ್ತೆಯ ಮಗುವಿನ ಪಾಟಿಯನ್ನು ಒಮ್ಮೆ ತೋರಿಸಬೇಕಿತ್ತು ಎನಿಸುತ್ತದೆ.

ನಾನು ಮಾಡಿದ್ದು ದೊಡ್ಡದೇನಲ್ಲ. ಎಲ್ಲರನ್ನೂ ಗೋಲಾಗಿ ಕೂಡಿಸಿ, ನಿಮ್ಮ ನಿಮ್ಮ ಮನೆಯಲ್ಲಿ ಎಣಿಸುವ ಹಾಗೆ ಎಣಿಸಿರಿ ಎಂದೆ. ಒಂದೊಂದು ಮಾತಿನಲ್ಲೂ ಹೇಳಿದ ಅಂಕಿಯನ್ನು ಹುಣಸೇಬೀಜದಲ್ಲಿ ಇಡಬೇಕು, ಹತ್ತರ ಗುಂಪು ಎಡಕ್ಕೆ, ಬಿಡಿ ಬಲಕ್ಕೆ. ಮಾತು ಹೇಗೇ ಬರಲಿ, ಬೀಜದ ಜಾಗ ಬದಲಾಗುವುದಿಲ್ಲ. ಮರಾಠಿಯಲ್ಲಿ ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಹೇಳಲು ಹೋಗಿ ಕನ್ನಡ ಹುಡುಗರು ತಡವರಿಸಿದರು. ಮರಾಠಿಯಲ್ಲಿ ಇಪ್ಪತ್ತೊಂಬತ್ತನ್ನು ಮೂವತ್ತಕ್ಕೆ ಒಂದು ಕಡಿಮೆ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ದಡ್ಡ ಎನಿಸಿಕೊಂಡವನು ತೊಂಬತ್ತರವರೆಗೂ ನಿಲ್ಲದೆ ಹೇಳಿದ. ‘ಇಂವಗ ಎಲ್ಲಾ ಬರ್ತಾವ್ರಿ’ ಎಂದು ಒಬ್ಬಳು ಬೆರಗಾಗಿ ಹೇಳಿದಳು. ಎಲ್ಲರೂ ಸಮಾನರು ಎಂದು ನಾನು ಬಾಯಿಂದ ಹೇಳಿದ್ದರೆ ಆ ಬೆರಗು ಬರುತ್ತಿರಲಿಲ್ಲ. ಅಂದಿನಿಂದ ತಪ್ಪಿನ ವಹಿಯನ್ನು ನಾನು ಬೇರೆ ರೀತಿ ಓದುತ್ತೇನೆ. ಬಹಳಷ್ಟು ತಪ್ಪುಗಳಿಗೆ ಮನೆಯ ವಿಳಾಸ ಇರುತ್ತದೆ.

ಮನೆಯ ಮಾತಿನದೇ ಇನ್ನೊಂದು ಸಂಗತಿ. 2025ರಲ್ಲಿ ಒಂದನೇ ಇಯತ್ತೆಯಿಂದ ಹಿಂದಿ ಎಂಬ ಆದೇಶ ಬಂದು, ರಾಜ್ಯವೆಲ್ಲ ಎದ್ದು, ಜೂನ್ ತಿಂಗಳ ಕೊನೆಗೆ ಅದು ವಾಪಸಾಯಿತು. ಸಣ್ಣ ಮಕ್ಕಳಿಗೆ ಮೂರು ಭಾಷೆ ಹೊರೆಯೇ ಎಂದು ಟೀವಿಯಲ್ಲಿ ಚರ್ಚೆ ನಡೆದಿತ್ತು. ನಮ್ಮ ಮಕ್ಕಳು ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಒಂದನೇ ಇಯತ್ತೆಯಿಂದ ಹೊತ್ತುಕೊಂಡೇ ಬಂದಿದ್ದಾರೆ. ತಾಂಡಾದ ಮಗುವಿಗೆ ಅದು ನಾಲ್ಕು. ಅವರನ್ನು ಯಾರೂ ಕೇಳಲಿಲ್ಲ.

ಇನ್ನು ಊಟದ ಮಾತು. 2023ರ ನವೆಂಬರಿನಲ್ಲಿ ಸರ್ಕಾರ ಶಾಲೆಯ ಪೋಷಣ ಆಹಾರದಲ್ಲಿ ವಾರಕ್ಕೊಮ್ಮೆ ತತ್ತಿ ಕೊಡಬೇಕೆಂದಿತು, ತಿನ್ನದವರಿಗೆ ಬಾಳೆಹಣ್ಣು. ಕಾಗದದ ಮೇಲೆ ಇದಕ್ಕಿಂತ ನ್ಯಾಯ ಇಲ್ಲ. ಅಂಗಳದಲ್ಲಿ ಏನಾಯಿತೆಂದರೆ ಯಾರೂ ಹೇಳದೆ ಎರಡು ಸಾಲು ತಯಾರಾದವು. ತತ್ತಿಯ ಸಾಲು, ಬಾಳೆಹಣ್ಣಿನ ಸಾಲು. ದೂರದಿಂದ ನೋಡಿದರೆ ಊರಿನ ಓಣಿಗಳೇ ಎದ್ದು ಬಂದು ನಿಂತ ಹಾಗೆ. ವಾರದ ಉಳಿದ ದಿನ ಖಿಚಡಿ ಉಣ್ಣುವಾಗ ಒಟ್ಟಿಗೆ ಕೂರುತ್ತಿದ್ದ ಗೆಳತಿಯರು ಆ ದಿನ ಬೇರೆ ಬೇರೆ. ಎರಡನೇ ವಾರಕ್ಕೆ ಒಬ್ಬರು ಪಾಲಕರೂ ಬಂದರು. ‘ಸರ, ನಮ್ಮ ಹುಡುಗ ತತ್ತಿ ತಿನ್ನೋರ ಬಾಜೂಕ ಕೂಡೂದು ಬ್ಯಾಡ್ರಿ.’

ದಾರಿ ತೋರಿಸಿದವರು ಅಡುಗೆಯ ಮಾವಶಿ. ಅವರು ಹೇಳಿದ್ದು ಇಷ್ಟೇ: ‘ಸರ, ಮಕ್ಕಳನ್ನ ಯಾಕ ತತ್ತಿ ಕಡೆ ನಡಸ್ತೀರಿ? ತತ್ತೀನ ಮಕ್ಕಳ ಕಡೆ ನಡಸೂಣು.’ ಮೊದಲು ಎಲ್ಲರೂ ದಿನದ ಜಾಗದಲ್ಲಿ ಕೂತು ಖಿಚಡಿ ಉಣ್ಣುವುದು. ಕೊನೆಗೆ ಒಂದೇ ಬುಟ್ಟಿಯಲ್ಲಿ, ನಡುವೆ ಒಂದು ರಟ್ಟು ಇಟ್ಟು, ಒಂದು ಕಡೆ ತತ್ತಿ, ಇನ್ನೊಂದು ಕಡೆ ಬಾಳೆಹಣ್ಣು ಹಿಡಿದು ಮಾವಶಿ ಸಾಲಿನಲ್ಲಿ ಬರುವುದು. ಯಾವ ಮನೆಯವರು ಏನು ಬೇಡ ಎಂದಿದ್ದಾರೆ ಎಂಬ ಚೀಟಿ ನನ್ನ ಕಪಾಟಿನಲ್ಲಿ. ಅದನ್ನು ಗಟ್ಟಿಯಾಗಿ ಓದಿ ಹೆಸರು ಕೂಗುವ ಪದ್ಧತಿ ಇಲ್ಲ. ತತ್ತಿಯ ದಿನವೂ ಗೆಳತಿಯರು ಗೆಳತಿಯರಾಗಿಯೇ ಉಳಿದರು.

ಪಾಲಕರಿಗೆ ನಾನು ವಾದ ಮಾಡಲಿಲ್ಲ. ‘ನಿಮ್ಮ ಹುಡುಗನ ತಾಟಿಗೆ ತತ್ತಿ ಬರೂದಿಲ್ಲ, ಅದು ನನ್ನ ಜವಾಬ್ದಾರಿ. ಬಾಜೂಕಿನ ತಾಟು ನಿಮ್ಮದಲ್ಲರಿ, ನಂದೂ ಅಲ್ಲ’ ಎಂದೆ. ಸ್ವಲ್ಪ ಹೊತ್ತು ನಿಂತು ಹೋದರು. ಮತ್ತೆ ಬರಲಿಲ್ಲ. ಅವರ ಮಗ ಒಂದು ದಿನ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, ‘ಸರ, ನಂಗೂ ತತ್ತಿ ಬೇಕರಿ, ಮನ್ಯಾಗ ಹೇಳಬ್ಯಾಡ್ರಿ’ ಎಂದ. ಕೊಡಲಿಲ್ಲ. ಕೆಲವು ಗೆಳೆಯರು ಇದನ್ನು ಹೇಡಿತನ ಎಂದರು. ಪಾಲಕರಿಗೆ ಕೊಟ್ಟ ಮಾತು ಮುರಿದರೆ ಅವರು ಶಾಲೆಯನ್ನೇ ನಂಬುವುದಿಲ್ಲ. ಆಮೇಲೆ ಆ ಹುಡುಗ ಎಲ್ಲರ ಬಾಜೂಕೆ ಕೂರುವುದೂ ನಿಲ್ಲುತ್ತದೆ. ದೊಡ್ಡವನಾದ ಮೇಲೆ ಅವನು ಏನು ತಿನ್ನುತ್ತಾನೋ ಅವನ ಇಷ್ಟ.

2025ರ ಜನವರಿಯಲ್ಲಿ ಸರ್ಕಾರ ತತ್ತಿಯ ದುಡ್ಡು ನಿಲ್ಲಿಸಿತು. ಬೇಕಾದ ಶಾಲೆಯವರು ಊರವರ ದೇಣಿಗೆಯಿಂದ ನಡೆಸಿಕೊಳ್ಳಲಿ ಎಂದಿತು. ದೇಣಿಗೆ ಕೊಡುವಷ್ಟು ಕೈಯಾಡುವ ಮನೆಗಳು ನಮ್ಮ ಕಡೆ ಹೆಚ್ಚಾಗಿ ತತ್ತಿ ತಿನ್ನದ ಮನೆಗಳು ಎಂಬುದನ್ನು ಮುಂಬಯಿಯಲ್ಲಿ ಕೂತವರು ಯೋಚಿಸಿರಲಿಕ್ಕಿಲ್ಲ. ಇಷ್ಟು ಕಷ್ಟಪಟ್ಟು ಹೊಂದಿಸಿದ ಸಾಲು ಇದೆ, ಬುಟ್ಟಿ ಖಾಲಿ.

ಹಬ್ಬದ ಪಾಠಕ್ಕೆ ಬಂದರೆ, ನಮ್ಮ ಕಡೆ ಎಳ್ಳಮಾಸಿ ದೊಡ್ಡದು. ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಜೋಳದ ನಡುವೆ ಕೂತು ಉಣ್ಣುವ ದಿನ. ಮರಾಠಿಯವರಿಗೂ ಇದು ಇದೆ, ವೇಳ ಅಮಾವಾಸ್ಯೆ ಎನ್ನುತ್ತಾರೆ. ಶಾಲೆಯಲ್ಲಿ ಈ ಹಬ್ಬದ ಮೇಲೆ ನಿಬಂಧ ಬರೆಸುವುದು ಹಳೆಯ ರೂಢಿ. ಮೂರನೇ ಇಯತ್ತೆಯ ಒಬ್ಬ ಹುಡುಗ ಚಂದದ ನಿಬಂಧ ಬರೆದಿದ್ದ. ‘ನಮ್ಮ ಹೊಲದಾಗ ಬಾವಿ ಅದ, ಎರಡ ಎತ್ತ ಅದಾವ.’ ಅವರಿಗೆ ಗೇಣು ಹೊಲ ಇಲ್ಲ. ಅಪ್ಪ ಕಬ್ಬು ಕಡಿಯುವ ಟೋಳಿಯಲ್ಲಿ ಹೋಗುವವನು. ಆ ಅಮಾವಾಸ್ಯೆಗೆ ಅವನು ಯಾವುದೋ ಸಕ್ಕರೆ ಕಾರಖಾನೆಯ ಹೊರಗೆ ಜೋಪಡಿಯಲ್ಲಿ ಇರುತ್ತಾನೆ. ಹುಡುಗ ಅಜ್ಜಿಯ ಹತ್ತಿರ ಉಳಿದಿದ್ದ. ಅವನು ಸುಳ್ಳು ಬರೆದ ಎನ್ನುವವರು ಹೇಳಲಿ. ಪ್ರಶ್ನೆ ಕೇಳಿದ ರೀತಿಯಲ್ಲೇ ಒಂದು ಹೊಲ ಇರಲೇಬೇಕಿತ್ತು. ಈಗ ನಾನು ಆ ಹೊತ್ತಿಗೆ ಕೇಳುವುದು ಬೇರೆ: ಅವತ್ತು ಏನು ಉಂಡಿ, ಯಾರು ಮಾಡಿದರು, ಯಾರ ಜೊತೆ ಕೂತಿದ್ದಿ? ಇದಕ್ಕೆ ಹೊಲ ಇದ್ದವರೂ ಬರೆಯುತ್ತಾರೆ, ಇಲ್ಲದವರೂ ಬರೆಯುತ್ತಾರೆ. ಮುಸಲ್ಮಾನರ ಒಬ್ಬ ಹುಡುಗಿ ಗೆಳತಿಯ ಹೊಲದಲ್ಲಿ ಉಂಡದ್ದನ್ನು ಎರಡು ಪುಟ ಬರೆದಳು.

ಕಬ್ಬಿನ ಹಂಗಾಮಿಗೆ ಅಪ್ಪ ಅವ್ವನ ಜೊತೆ ಹೋಗುವ ಮಕ್ಕಳದ್ದು ಇನ್ನೂ ಕಷ್ಟ. ದೀಪಾವಳಿಯ ಹೊತ್ತಿಗೆ ಹೋದವರು ಮರಳುವುದು ಬೇಸಗೆಗೆ. ಹಂಗಾಮಿ ವಸತಿಗೃಹದ ಯೋಜನೆ ಇದೆ, ಎಲ್ಲರಿಗೂ ಮುಟ್ಟುವುದಿಲ್ಲ. ಬಂದ ಮೇಲೆ ಅವರನ್ನು ಎದ್ದು ನಿಲ್ಲಿಸಿ ‘ಇಷ್ಟು ದಿನ ಎಲ್ಲಿ ಹೋಗಿದ್ದಿ’ ಎಂದು ಕೇಳಬಾರದು ಎಂಬುದೊಂದೇ ನನ್ನ ನಿಯಮ. ಹಾಜರಿ ಪಟದ ಹೆಸರು ಮತ್ತು ಕೂರುವ ಜಾಗ ಹಾಗೇ ಇರುತ್ತವೆ.

ಜನವರಿ 26ಕ್ಕೆ ವೇಷದ ಕಾರ್ಯಕ್ರಮ ಆಗುತ್ತದೆ. ಬಹಳಷ್ಟು ಶಾಲೆಗಳಲ್ಲಿ ಲಮಾಣಿ ಹುಡುಗಿಗೆ ಕನ್ನಡಿ ಹಚ್ಚಿದ ಲಂಗ, ಮುಸಲ್ಮಾನ ಹುಡುಗನಿಗೆ ಟೋಪಿ, ಲಿಂಗಾಯತ ಹುಡುಗನಿಗೆ ಬಸವಣ್ಣ. ನಮ್ಮ ತಾಂಡಾದ ಹುಡುಗಿ ಒಂದು ವರ್ಷ ಕೇಳಿಯೇ ಬಿಟ್ಟಳು: ‘ಸರ, ಆ ಲಂಗ ನಮ್ಮ ಆಯಿ ಉಡತಾಳ್ರಿ, ನಾ ಉಡೂದಿಲ್ಲ. ಈ ಸಲ ನಾ ಕಲೆಕ್ಟರ್ ಆಗಲೇನ್ರಿ?’ ಆದಳು. ಬಸವಣ್ಣನ ಪಾತ್ರಕ್ಕೆ ಚೀಟಿ ಎತ್ತಿದೆವು. ಬಂದದ್ದು ವಡ್ಡರ ಹುಡುಗನಿಗೆ. ಬಸವಣ್ಣನಿಗೆ ಇದರಿಂದ ಬೇಸರ ಆಗಿರಲಿಕ್ಕಿಲ್ಲ.

ಆಯಿಯ ಲಂಗದ ಕಥೆ ಕೇಳಬೇಕಾದರೆ ಆಯಿಯನ್ನೇ, ಅಂದರೆ ಅಜ್ಜಿಯನ್ನೇ ಕೇಳಬೇಕು. ಅದಕ್ಕೊಂದು ದಾರಿ ಮೊದಲೇ ಇತ್ತು. ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಹಚ್ಚುವ ಕೆಲಸಕ್ಕೆ ಹೆಸರಾದವರು ನಮ್ಮ ಜಿಲ್ಲೆಯವರೇ, ಮಾಢಾ ತಾಲೂಕಿನ ಪರಿತೇವಾಡಿ ಶಾಲೆಯ ರಣಜಿತ್‌ಸಿಂಹ ಡಿಸಲೆ. 2020ರಲ್ಲಿ ಗ್ಲೋಬಲ್ ಟೀಚರ್ ಪ್ರೈಜ್ ಗೆದ್ದು, ಅರ್ಧ ಹಣವನ್ನು ಅಂತಿಮ ಸುತ್ತಿನ ಉಳಿದ ಒಂಬತ್ತು ಮಂದಿಗೆ ಹಂಚಿದವರು. ಅದೇ ಜಾಡಿನಲ್ಲಿ ನಾನೂ ಮೊಬೈಲಿನಲ್ಲಿ ಅಜ್ಜಿಯರ ಮಾತು ರೆಕಾರ್ಡ್ ಮಾಡಿ, ಕೋಡ್ ಮಾಡಿ ಗೋಡೆಗೆ ಹಚ್ಚಿದೆ. ಕನ್ನಡಿ ಹೊಲಿಯುವುದು ಹೇಗೆ ಎಂದು ಒಬ್ಬಳು ತನ್ನ ಮಾತಿನಲ್ಲಿ, ಮೊಹರಂಗೆ ಚೋಂಗೆ ಮಾಡುವುದು ಹೇಗೆ ಎಂದು ಇನ್ನೊಬ್ಬಳು ದಖನಿಯಲ್ಲಿ. ಮಧ್ಯಾಹ್ನದ ಬಿಡುವಿನಲ್ಲಿ ನನ್ನ ಫೋನಿಗೆ ಜಗಳ. ತಿಳಿಯದ ಮಾತನ್ನು ಆ ಮನೆಯ ಮಗು ಉಳಿದವರಿಗೆ ಹೇಳಿಕೊಡುತ್ತದೆ. ಆಗ ನಾನು ಹೊರಗೆ ಹೋಗಿ ನಿಲ್ಲುತ್ತೇನೆ.

ಇಷ್ಟೆಲ್ಲ ಹೇಳಿದರೂ ಒಂದು ಭೇದದ ಮುಂದೆ ನನ್ನ ಯಾವ ಉಪಾಯವೂ ನಡೆಯುತ್ತಿಲ್ಲ. ಬೆಳಗ್ಗೆ ಪರಿಪಾಠ, ಅಂದರೆ ಪ್ರಾರ್ಥನೆ, ನಡೆಯುವ ಹೊತ್ತಿಗೆ ಶಾಲೆಯ ಮುಂದೆ ಹಳದಿ ವ್ಯಾನು ಬರುತ್ತದೆ. ಕೈಯಲ್ಲಿ ಸ್ವಲ್ಪ ದುಡ್ಡಿರುವ ಮನೆಗಳ ಮಕ್ಕಳು ಅದರಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುತ್ತವೆ. ಎಲ್ಲ ಜಾತಿಯವೂ ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಯಲ್ಲಿ ಬಡ ಮಕ್ಕಳಿಗೆ ನೂರಕ್ಕೆ 25 ಜಾಗ ಇಡಬೇಕೆನ್ನುತ್ತದೆ. ಹತ್ತಿರ ಸರ್ಕಾರಿ ಶಾಲೆ ಇದ್ದರೆ ಬೇಡ ಎಂದು 2024ರಲ್ಲಿ ರಾಜ್ಯ ಸರ್ಕಾರ ನಿಯಮ ಬದಲಿಸಿತ್ತು, ಮುಂಬಯಿ ಹೈಕೋರ್ಟು ಅದನ್ನು ರದ್ದು ಮಾಡಿತು. ಉಳ್ಳವರ ಮಗು ನಮ್ಮ ಜಮಖಾನೆಗೆ ಬಂದು ಕೂರಬೇಕೆಂದು ಹೇಳುವ ಕಾಯ್ದೆ ಯಾವುದೂ ಇಲ್ಲ. ಹಾಗಾಗಿ ಈಗ ಜೂನ್ ತಿಂಗಳಲ್ಲಿ ನಾನೂ ನನ್ನ ಜೊತೆಯ ಮಾಸ್ತರರೂ ಮನೆ ಮನೆಗೆ ಹೋಗುತ್ತೇವೆ. ‘ಅಕ್ಕಾ, ಹುಡುಗೀನ ನಮ್ಮ ಸಾಳಿಗಿ ಕಳಸ್ರಿ’ ಎಂದರೆ, ‘ಸರ, ನಿಮ್ಮ ಸಾಳ್ಯಾಗ ಎಂಥಾ ಎಂಥಾ ಮಕ್ಕಳೆಲ್ಲಾ ಬರ್ತಾವಲ್ರಿ’ ಎನ್ನುತ್ತಾರೆ. ‘ಹೌದ್ರಿ, ಅದಕ್ಕ ಕಳಸ್ರಿ ಅನ್ನಾಕತ್ತೀನಿ’ ಎನ್ನುತ್ತೇನೆ. ಚಹಾ ಕೊಡುತ್ತಾರೆ. ಹುಡುಗಿಯನ್ನು ಕಳಿಸುವುದು ಅಪರೂಪ.